ಉಗ್ರಾಣದ ಬಾಗಿಲು



ವಿಭೂತಿ ಬುಧವಾರದ ಬೆಳಿಗ್ಗೆ ಇಗರ್ಜಿಯಲ್ಲಿ ಓದುವ ಶುಭಸಂದೇಶ ಮತ್ತಾಯನ ಆರನೆಯ ಅಧ್ಯಾಯದ್ದು. ದಾನ ಕೊಡುವಾಗ ತುತ್ತೂರಿ ಊದಿಸಬಾರದು, ಪ್ರಾರ್ಥನೆಗೆಂದು ಬೀದಿಯ ಮೂಲೆ ಹುಡುಕಬಾರದು, ಉಪವಾಸವಿದ್ದರೆ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದು ಎಂದಿನಂತೆ ಓಡಾಡಿಕೊಂಡಿರಬೇಕು ಎಂಬುದು ಅದರ ಸಾರ. ಅದನ್ನು ಕೇಳಿ ಹತ್ತು ನಿಮಿಷವಾಗುವುದರೊಳಗೆ ನಾವೆಲ್ಲ ಸಾಲಾಗಿ ಹೋಗಿ, ಹಿಂದಿನ ವರ್ಷದ ಗರಿಗಳ ಭಾನುವಾರದ ಒಣಗರಿ ಸುಟ್ಟು ಮಾಡಿದ ಬೂದಿಯಿಂದ ಹಣೆಯ ಮೇಲೆ ಶಿಲುಬೆ ಬರೆಸಿಕೊಂಡು ಬರುತ್ತೇವೆ. ಹುಡುಗನಾಗಿದ್ದಾಗ ಆ ಬೂದಿ ಹೊತ್ತು ಶಾಲೆಗೆ ಹೋಗುವ ದಾರಿಯಲ್ಲಿ ನನಗೊಂದು ಬಾವಿಕಟ್ಟೆ ಸಿಗುತ್ತಿತ್ತು. ಪ್ರತಿ ವರ್ಷವೂ ಅಲ್ಲಿ ನಿಲ್ಲುತ್ತಿದ್ದೆ. ತೊಳೆದುಕೊಂಡರೆ ಯೇಸುವಿನ ಮಾತು ಕೇಳಿದಂತಾಯಿತೋ, ಬೇರೆ ಹುಡುಗರ ಮುಂದೆ ನಾಚಿದಂತಾಯಿತೋ? ತೊಳೆಯದೆ ಹೋದರೆ ಅದು ಧೈರ್ಯವೋ, ತೋರಿಕೆಯೋ? ಒಂದು ವರ್ಷ ತೊಳೆದೆ, ಮರುವರ್ಷ ಹಾಗೇ ಹೋದೆ. ಎರಡು ಸಲವೂ ಮನಸ್ಸು ಒಪ್ಪಲಿಲ್ಲ. ಈ ಉಪನ್ಯಾಸಕ್ಕೆ ವಿಷಯ ನೀವೇ ಆರಿಸಿಕೊಳ್ಳಿ ಎಂದು ಸಂಘಟಕರು ಹೇಳಿದಾಗ ನೆನಪಾದದ್ದು ಆ ಬಾವಿಕಟ್ಟೆಯೇ.

ಇನ್ನೊಂದು ಕಾರಣವೂ ಉಂಟು. ಈ ಉಪನ್ಯಾಸದ ದತ್ತಿ ಇಟ್ಟವರು ತಮ್ಮ ಹೆಸರು ಎಲ್ಲಿಯೂ ಬರಬಾರದೆಂದು ಕೇಳಿಕೊಂಡಿದ್ದಾರಂತೆ. ಅವರ ಇಚ್ಛೆಗೆ ತಲೆಬಾಗಿ ನಾನೂ ಯಾರೆಂದು ವಿಚಾರಿಸಲಿಲ್ಲ. ಅವರು ಈ ಸಭೆಯಲ್ಲೇ ಕುಳಿತಿದ್ದರೆ, ನನ್ನ ವಂದನೆ ಅವರಿಗೆ ಮುಟ್ಟಲಿ.

ಪ್ರಾರ್ಥನೆ ಮಾಡುವವನು ಎಲ್ಲಿಗೆ ಹೋಗಬೇಕು ಎಂದು ಹೇಳುವಲ್ಲಿ ಮತ್ತಾಯ ಬಳಸುವ ಗ್ರೀಕ್ ಪದ 'ತಮೇಯೊನ್'. ನಮ್ಮ ಭಾಷಾಂತರಗಳಲ್ಲಿ ಅದು ಕೋಣೆ ಎಂದಾಗಿದೆ. ತಪ್ಪೇನೂ ಅಲ್ಲ. ಆದರೆ ಆ ಪದದ ಮೊದಲ ಅರ್ಥ ಕಾಳುಕಡ್ಡಿ, ಬೆಲೆಬಾಳುವ ವಸ್ತು ಕೂಡಿಡುವ ಒಳಕೋಣೆ. ನಮ್ಮ ಮಾತಿನಲ್ಲಿ ಉಗ್ರಾಣ. ಯೇಸು ಮಾತಾಡುತ್ತಿದ್ದದ್ದು ಗಲಿಲೇಯದ ಒಕ್ಕಲು ಮಕ್ಕಳ ಜೊತೆ, ಬೆಸ್ತರ ಜೊತೆ. ಅವರ ಪುಟ್ಟ ಮನೆಗಳಲ್ಲಿ ಪ್ರಾರ್ಥನೆಗೆಂದೇ ಒಂದು ಕೋಣೆ ಎಲ್ಲಿಂದ ಬರಬೇಕು? ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಾದ ಜಾಗವೊಂದಿದ್ದರೆ ಅದು ಎಣ್ಣೆ, ಕಾಳು ಇಡುವ ಕತ್ತಲೆ ಮೂಲೆ.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಮನೆಯ ಉಗ್ರಾಣ ಕಣ್ಣಿಗೆ ಕಟ್ಟುತ್ತದೆ. ಅಂಗೈ ಅಗಲದ ಒಂದು ಗಾಳಿಕಿಂಡಿ. ಗೋಡೆಗೆ ಒರಗಿಸಿದ ಅಕ್ಕಿಮುಡಿಗಳು. ಮಣೆಯ ಮೇಲೆ ಸಾಲಾಗಿ ಉಪ್ಪಿನ ಭರಣಿ, ಮಿಡಿಮಾವಿನ ಭರಣಿ, ಬಾಯಿಗೆ ಬಟ್ಟೆ ಬಿಗಿದ ತೆಂಗಿನೆಣ್ಣೆಯ ಡಬ್ಬ. ಬಾಗಿಲ ಚಿಲಕ ಸಡಿಲಾಗಿದ್ದರಿಂದ ಎಷ್ಟು ಮೆಲ್ಲಗೆ ಎಳೆದರೂ ಸದ್ದು ಮಾಡುತ್ತಿತ್ತು. ಮಧ್ಯಾಹ್ನದ ಊಟವಾಗಿ ಮನೆ ತಣ್ಣಗಾದ ಮೇಲೆ ಅಜ್ಜಿ ಅದರೊಳಗೆ ಹೋಗಿ ಒಂದು ಗಳಿಗೆ ಕೂರುತ್ತಿದ್ದಳು. ಏನು ಮಾಡುತ್ತಾಳೆಂದು ಯಾರೂ ಕೇಳುತ್ತಿರಲಿಲ್ಲ. ಬಾಗಿಲಿಗೆ ಕಿವಿಕೊಟ್ಟರೆ ಜಪಸರದ ಮಣಿಗಳು ಒಂದಕ್ಕೊಂದು ತಾಕುವುದು ಕೇಳಿಸುತ್ತಿತ್ತು. ಹೊರಗೆ ಬರುವಾಗ ಅವಳ ಕೈಯಲ್ಲಿ ತಪ್ಪದೆ ಒಂದು ತೆಂಗಿನಕಾಯಿಯೋ ಒಂದು ಪಾವು ಹೆಸರುಕಾಳೋ ಇರುತ್ತಿತ್ತು. ಅದನ್ನೇ ತರಲು ಹೋಗಿದ್ದೆ ಎನ್ನುವ ಹಾಗೆ.

ಹೊಸ ಒಡಂಬಡಿಕೆಯಲ್ಲಿ 'ತಮೇಯೊನ್' ಬರುವುದು ನಾಲ್ಕೇ ಕಡೆ. ಒಂದು, ಪ್ರಾರ್ಥನೆಯ ಈ ಮಾತಿನಲ್ಲಿ. ಇನ್ನೊಂದು ಮತ್ತಾಯನ ಇಪ್ಪತ್ತನಾಲ್ಕನೆಯ ಅಧ್ಯಾಯದಲ್ಲಿ: ಕ್ರಿಸ್ತನು ಒಳಕೋಣೆಯಲ್ಲಿದ್ದಾನೆಂದು ಯಾರಾದರೂ ಕರೆದರೆ ನಂಬಬಾರದೆಂಬ ಎಚ್ಚರಿಕೆ. ಉಳಿದೆರಡೂ ಲೂಕನ ಹನ್ನೆರಡನೆಯ ಅಧ್ಯಾಯದವು. ಬಿತ್ತದ, ಕೊಯ್ಯದ ಕಾಗೆಗಳಿಗೆ ಉಗ್ರಾಣವಿಲ್ಲದಿದ್ದರೂ ದೇವರು ಉಣಿಸುತ್ತಾನೆ ಎನ್ನುವಲ್ಲಿ ಒಮ್ಮೆ. ಉಗ್ರಾಣದೊಳಗೆ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಒಂದು ದಿನ ಮಾಳಿಗೆ ಹತ್ತಿ ಸಾರಲಾಗುವುದು ಎನ್ನುವಲ್ಲಿ ಮತ್ತೊಮ್ಮೆ. ತಂದೆ ಕಾಣುವ ಗುಟ್ಟಾದ ಪ್ರಾರ್ಥನೆಗೂ ಬಯಲಾಗಲಿರುವ ಪಿಸುಮಾತಿಗೂ ಶುಭಸಂದೇಶ ತೋರಿಸುವುದು ಒಂದೇ ಕೋಣೆಯನ್ನು. ಈ ಮಾತು ನನ್ನನ್ನು ಬಹುಕಾಲದಿಂದ ಕಾಡಿದೆ. ಪಾಪಕ್ಕೊಂದು ಕೋಣೆ, ಪುಣ್ಯಕ್ಕೊಂದು ಕೋಣೆ ಎಂದಿದ್ದರೆ ನಮ್ಮ ಕೆಲಸ ಎಷ್ಟು ಸುಲಭವಾಗುತ್ತಿತ್ತು!

ಹಳೆಯ ಒಡಂಬಡಿಕೆಯ ಆಕಾನನ ಕಥೆ ನಿಮಗೆ ಗೊತ್ತು. ಯೆರಿಕೋ ಪಟ್ಟಣ ಬಿದ್ದ ದಿನ, ಮುಟ್ಟಬಾರದೆಂದು ಆಜ್ಞೆಯಾಗಿದ್ದ ಕೊಳ್ಳೆಯಲ್ಲಿ ಅವನು ಶಿನಾರಿನ ಒಂದು ಚಂದದ ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಚಿನ್ನದ ಗಟ್ಟಿ ಇಷ್ಟನ್ನು ತೆಗೆದುಕೊಂಡು ತನ್ನ ಗುಡಾರದೊಳಗೆ ನೆಲ ಅಗೆದು ಹೂತ. ಆ ನಿಲುವಂಗಿಯನ್ನು ಅವನು ಎಲ್ಲಿ ಉಡಬಹುದಿತ್ತು? ಉಟ್ಟು ಹೊರಬಂದರೆ ಗುಟ್ಟು ರಟ್ಟು. ಬಚ್ಚಿಟ್ಟ ಪಾಪಕ್ಕೆ ಈ ಸಂಕಟ ತಪ್ಪಿದ್ದಲ್ಲ. ಯಾವುದಕ್ಕಾಗಿ ಪಾಪ ಮಾಡಿದೆವೋ ಅದನ್ನು ಅನುಭವಿಸಲೂ ಬಿಡುವುದಿಲ್ಲ. ದಿನವೂ ಅದರ ಮೇಲೆ ಚಾಪೆ ಹಾಸಿ ಮಲಗಬೇಕು.

ಆದರೆ ನನ್ನ ಎದೆಗೆ ಹೆಚ್ಚು ನಾಟಿರುವುದು ಯೊವಾನ್ನನ ಶುಭಸಂದೇಶದ ಒಂದು ಪುಟ್ಟ ವಿವರ. ಶಿಷ್ಯರ ಹಣದ ಚೀಲ ಯೂದನ ಕೈಯಲ್ಲಿತ್ತು. ಅವನು ಅದರಿಂದ ಕದಿಯುತ್ತಿದ್ದನೆಂದು ಹನ್ನೆರಡನೆಯ ಅಧ್ಯಾಯ ಹೇಳುತ್ತದೆ. ಮುಂದಿನ ಅಧ್ಯಾಯದಲ್ಲಿ ಕೊನೆಯ ಭೋಜನ. ಯೂದ ರೊಟ್ಟಿಯ ತುಂಡು ತೆಗೆದುಕೊಂಡು ಥಟ್ಟನೆ ಎದ್ದು ಹೊರಗೆ ಹೋಗುತ್ತಾನೆ, ಹೊರಗೆ ರಾತ್ರಿ. ಉಳಿದ ಶಿಷ್ಯರು ಏನೆಂದುಕೊಂಡರು? ಹಬ್ಬಕ್ಕೆ ಬೇಕಾದ್ದನ್ನು ಕೊಳ್ಳಲು ಹೋದನೇನೋ ಎಂದು ಕೆಲವರು, ಬಡವರಿಗೆ ಏನಾದರೂ ಕೊಡಲು ಹೋದನೇನೋ ಎಂದು ಕೆಲವರು. ಮೂರು ವರ್ಷ ಒಟ್ಟಿಗೆ ಉಂಡು ಮಲಗಿದವರು ಅವರು. ಕತ್ತಲಲ್ಲಿ ಚೀಲ ಹಿಡಿದು ಹೋಗುವ ಮನುಷ್ಯ ಗುರುವನ್ನು ಹಿಡಿದುಕೊಡಲು ಹೋಗುತ್ತಿದ್ದಾನೋ, ಭಿಕ್ಷುಕನಿಗೆ ಕಾಸು ಕೊಡಲು ಹೋಗುತ್ತಿದ್ದಾನೋ ಅವರಿಗೆ ತಿಳಿಯಲಿಲ್ಲ. ಗುಟ್ಟಾದ ಪಾಪಕ್ಕೂ ಗುಟ್ಟಾದ ಪುಣ್ಯಕ್ಕೂ ಹೊರನೋಟ ಒಂದೇ. ಎರಡೂ ರಾತ್ರಿಯಲ್ಲೇ ಹೊರಡುತ್ತವೆ, ಎರಡೂ ಯಾರಿಗೂ ಹೇಳಿ ಹೋಗುವುದಿಲ್ಲ.

ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿದೆ? ನನಗೆ ತೋರಿದ್ದು ಇಷ್ಟು. ಪಾಪ ಬಾಗಿಲು ಹಾಕಿಕೊಳ್ಳುವುದು ಒಳಗೆ ತಾನೊಬ್ಬನೇ ಇರಬೇಕೆಂದು. ಪ್ರಾರ್ಥನೆ ಬಾಗಿಲು ಹಾಕಿಕೊಳ್ಳುವುದು ಒಳಗೆ ಇನ್ನೊಬ್ಬರಿದ್ದಾರೆಂದು. ಅಜ್ಜಿ ಉಗ್ರಾಣದಲ್ಲಿ ಒಂಟಿಯಾಗಿರಲಿಲ್ಲ. ಆಕಾನ ಹೆಂಡತಿ ಮಕ್ಕಳ ನಡುವೆ ಮಲಗಿಯೂ ಒಂಟಿಯಾಗಿದ್ದ.

ತಿಮೊಥೆಯನಿಗೆ ಬರೆದ ಮೊದಲ ಪತ್ರದ ಐದನೆಯ ಅಧ್ಯಾಯದ ಕೊನೆಗೆ ಇದೇ ವಿಷಯದ ಎರಡು ವಚನಗಳಿವೆ. ಕೆಲವರ ಪಾಪಗಳು ಅವರಿಗಿಂತ ಮೊದಲೇ ನ್ಯಾಯಸ್ಥಾನಕ್ಕೆ ಹೋಗಿ ಮುಟ್ಟುತ್ತವೆ, ಕೆಲವರವು ಹಿಂದಿನಿಂದ ಬರುತ್ತವೆ. ಒಳ್ಳೆಯ ಕೆಲಸಗಳೂ ಹಾಗೆಯೇ, ಈಗ ಕಾಣದಿದ್ದರೂ ಕೊನೆಯವರೆಗೆ ಅಡಗಿರಲಾರವು ಎಂಬ ಅರ್ಥದ ಮಾತು. ಇದನ್ನು ಬಿಡಿಸಿ ಸುಭಾಷಿತದಂತೆ ಓದುವುದುಂಟು. ಆದರೆ ಸಂದರ್ಭ ನೋಡಿ. ಎಫೆಸದ ಸಭೆಗೆ ಹಿರಿಯರನ್ನು ನೇಮಿಸುವಾಗ ಅವಸರಪಟ್ಟು ಯಾರ ತಲೆಯ ಮೇಲೂ ಕೈಯಿಡಬೇಡ ಎಂದು ತಿಮೊಥೆಯನಿಗೆ ಬುದ್ಧಿ ಹೇಳುತ್ತಿರುವಲ್ಲಿ ಈ ಮಾತು ಬರುತ್ತದೆ. ಸಭೆಯ ಮುಂದಾಳುಗಳ ಬಗ್ಗೆ, ನಾವು ಪೂಜ್ಯರೆಂದು ಮುಂದೆ ಕೂರಿಸುವವರ ಬಗ್ಗೆ ಹೇಳಿದ್ದು ಅದು.

ಹಿಂದಿನಿಂದ ಬಂದ ಪಾಪಕ್ಕೆ ನಮ್ಮ ಕಾಲದ ಒಂದು ಉದಾಹರಣೆ ಕೊಡುತ್ತೇನೆ. ಹೇಳುವಾಗ ನನಗೆ ನೋವಾಗುತ್ತದೆ. ಕೆನಡಾ ಮೂಲದ ಜಾನ್ ವಾನಿಯೇ 1964ರಲ್ಲಿ ಫ್ರಾನ್ಸಿನ ತ್ರೋಲಿ-ಬ್ರೇಯ್ ಎಂಬ ಹಳ್ಳಿಯಲ್ಲಿ ಬುದ್ಧಿಮಾಂದ್ಯತೆಯುಳ್ಳ ಇಬ್ಬರನ್ನು ಆಶ್ರಮದಿಂದ ಕರೆತಂದು ಅವರೊಡನೆ ಒಂದೇ ಮನೆಯಲ್ಲಿ ಬಾಳತೊಡಗಿದರು. ಅದು 'ಲಾರ್ಶ್' ಎಂಬ ಹೆಸರಿನಲ್ಲಿ ಜಗತ್ತಿನ ಹಲವು ದೇಶಗಳಿಗೆ ಹಬ್ಬಿತು. 1970ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಶಾನಿಕೇತನ ಅದೇ ಬಳ್ಳಿಯದು. ದುರ್ಬಲರ ಜೊತೆ ಬದುಕುವುದೇ ಕ್ರಿಸ್ತನನ್ನು ಕಾಣುವ ದಾರಿ ಎಂದು ವಾನಿಯೇ ಬರೆದ ಪುಸ್ತಕಗಳನ್ನು ನಮ್ಮಲ್ಲಿ ಎಷ್ಟೋ ಜನ ತಲೆದಿಂಬಿನ ಬಳಿ ಇಟ್ಟುಕೊಂಡಿದ್ದೆವು, ನಾನೂ ಒಬ್ಬ. 2015ರಲ್ಲಿ ಅವರಿಗೆ ಟೆಂಪಲ್‌ಟನ್ ಪ್ರಶಸ್ತಿ ಬಂತು. 2019ರ ಮೇ ತಿಂಗಳಲ್ಲಿ ತೀರಿಕೊಂಡಾಗ ಜೀವಂತ ಸಂತ ಹೋದರೆಂದು ಜನ ಕಂಬನಿಗರೆದರು. 2020ರ ಫೆಬ್ರವರಿಯಲ್ಲಿ ಲಾರ್ಶ್ ತಾನೇ ಮಾಡಿಸಿದ ತನಿಖೆಯ ವರದಿ ಹೊರಬಂತು. ಆಧ್ಯಾತ್ಮಿಕ ಮಾರ್ಗದರ್ಶನ ಕೇಳಿಬಂದ ಆರು ಮಂದಿ ಮಹಿಳೆಯರನ್ನು 1970ರಿಂದ 2005ರವರೆಗಿನ ಅವಧಿಯಲ್ಲಿ ಅವರು ಲೈಂಗಿಕವಾಗಿ ಬಳಸಿಕೊಂಡಿದ್ದರು. 2023ರ ವಿಸ್ತಾರವಾದ ಅಧ್ಯಯನದಲ್ಲಿ ಆ ಸಂಖ್ಯೆ 25ಕ್ಕೆ ಏರಿತು. ನೀನು ಆರಿಸಲ್ಪಟ್ಟವಳು, ಇದು ಗುಟ್ಟು ಎಂದು ಆ ಮಹಿಳೆಯರಿಗೆ ಹೇಳಲಾಗಿತ್ತು. ಪ್ರಾರ್ಥನೆಯ ಮಾತನ್ನೇ ಪಾಪದ ಬಾಗಿಲಿಗೆ ಅಗುಳಿ ಮಾಡಿಕೊಂಡದ್ದು ಅದು.

ಆ ವರದಿ ಓದಿದ ದಿನ ಆ ಪುಸ್ತಕಗಳನ್ನು ಕಪಾಟಿನಿಂದ ತೆಗೆದೆ. ಬಿಸಾಡಲು ಮನಸ್ಸು ಬರಲಿಲ್ಲ, ತಿರುಗಿ ಜೋಡಿಸಲೂ ಆಗಲಿಲ್ಲ. ಇಂದಿಗೂ ಅವು ಒಂದು ರಟ್ಟಿನ ಪೆಟ್ಟಿಗೆಯಲ್ಲಿವೆ. ಆದರೆ ಒಂದನ್ನು ಕೃತಜ್ಞತೆಯಿಂದ ಹೇಳಬೇಕು. ಈ ಸತ್ಯವನ್ನು ಮಾಳಿಗೆಯ ಮೇಲೆ ನಿಂತು ಸಾರಿದವರು ಹೊರಗಿನ ವೈರಿಗಳಲ್ಲ. ಬಾಯಿಬಿಟ್ಟು ನುಡಿದದ್ದು ಆ ಮಹಿಳೆಯರು, ಅವರ ಮಾತನ್ನು ನಂಬಿ ಪ್ರಕಟಿಸಿದ್ದು ವಾನಿಯೇ ಕಟ್ಟಿದ ಸಂಸ್ಥೆಯೇ. ಸ್ಥಾಪಕರ ಹೆಸರು ಉಳಿಸಬೇಕೆಂಬ ಆಸೆಗಿಂತ ನೊಂದವರ ಮಾತು ದೊಡ್ಡದೆಂದು ತಿಳಿದ ಆ ಧೈರ್ಯವನ್ನು ನಾನು ಕ್ರೈಸ್ತ ಧೈರ್ಯ ಎಂದೇ ಕರೆಯುತ್ತೇನೆ.

ಇಲ್ಲಿ ನಮ್ಮ ಸಭೆಯ ಒಂದು ಗೊಂದಲವನ್ನು ಬಿಡಿಸಲೇಬೇಕು. ಪಾಪನಿವೇದನೆಯ ಗುಟ್ಟು ಪವಿತ್ರವಾದದ್ದು. ಆದಿಕಾಲದ ಸಭೆಯಲ್ಲಿ ಘೋರಪಾಪಗಳಿಗೆ ಪ್ರಾಯಶ್ಚಿತ್ತ ಬಹಿರಂಗವಾಗಿತ್ತು. ಗೋಣಿ ಉಟ್ಟು ಸಭೆಯ ಮುಂದೆ ನಿಲ್ಲಬೇಕಿತ್ತು, ಅದೂ ಜೀವಮಾನದಲ್ಲಿ ಒಂದೇ ಬಾರಿ. ಒಬ್ಬರ ಕಿವಿಯಲ್ಲಿ ಮಾತ್ರ ಹೇಳಿಕೊಂಡು ಮತ್ತೆ ಮತ್ತೆ ಕ್ಷಮೆ ಪಡೆಯುವ ದಾರಿಯನ್ನು ತೆರೆದವರಲ್ಲಿ ಐರ್ಲೆಂಡಿನ ಸನ್ಯಾಸಿಗಳು ಮುಖ್ಯರು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ, ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿದಾಗಲೇ, ಕೇಳಿದ್ದನ್ನು ಹೊರಗೆಡಹಿದ ಗುರುವಿಗೆ ಪದವಿ ಕಿತ್ತು ಜೀವನಪರ್ಯಂತ ಮಠದಲ್ಲಿ ಪ್ರಾಯಶ್ಚಿತ್ತ ಎಂದೂ ವಿಧಿಸಿತು. ಇದೆಲ್ಲ ಪಶ್ಚಾತ್ತಾಪಪಟ್ಟವನ ಮಾನ ಕಾಯಲು. ನೋವು ಮಾಡಿದವನನ್ನು ನೊಂದವರಿಂದ, ಕಾನೂನಿನಿಂದ ಬಚ್ಚಿಡುವ ಕಡತದ ಗುಟ್ಟು ಬೇರೆ. 2002ರಲ್ಲಿ ಬಾಸ್ಟನ್ ನಗರದ ಪತ್ರಿಕೆಯೊಂದು ಬಯಲಿಗೆಳೆದ, ಗುರುಗಳ ಲೈಂಗಿಕ ದೌರ್ಜನ್ಯದ ಗುಟ್ಟು ಆ ಎರಡನೆಯ ಬಗೆಯದು. 2019ರ ಡಿಸೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅಂಥ ಪ್ರಕರಣಗಳ ಮೇಲಿದ್ದ ಆಡಳಿತದ ರಹಸ್ಯನಿಯಮವನ್ನು ತೆಗೆದುಹಾಕಿದರು. ಪಾಪನಿವೇದನೆಯ ಗುಟ್ಟನ್ನು ಹಾಗೆಯೇ ಉಳಿಸಿದರು. ಒಬ್ಬನ ನಾಚಿಕೆಯನ್ನು ಮುಚ್ಚುವುದು ಕರುಣೆ. ಇನ್ನೊಬ್ಬರ ಗಾಯವನ್ನು ಮುಚ್ಚುವುದು ಮತ್ತೊಂದು ಪಾಪ.

ಪ್ರಾಟೆಸ್ಟಂಟ್ ಬಂಧುಗಳು ಇದು ಕಥೋಲಿಕರ ವಿಷಯವೆಂದು ಎಣಿಸಬಾರದು. ಜರ್ಮನಿಯ ಲೂಥರನ್ ಗುರು ದೀತ್ರಿಖ್ ಬಾನ್‌ಹೋಫರ್, ಹಿಟ್ಲರನ ಕಾಲದಲ್ಲಿ ಫಿಂಕನ್‌ವಾಲ್ಡೆ ಎಂಬಲ್ಲಿ ನಡೆಸಿದ ಗುರುಶಾಲೆಯಲ್ಲಿ, ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಪಾಪ ಹೇಳಿಕೊಳ್ಳುವ ರೂಢಿಯನ್ನು ಮತ್ತೆ ತಂದರು. ಪಾಪಕ್ಕೆ ಮನುಷ್ಯನನ್ನು ಒಂಟಿಯಾಗಿಸುವ ಬಯಕೆ, ಆ ಒಂಟಿತನ ಮುರಿಯಲು ಒಬ್ಬ ಸಹೋದರ ಸಾಕು ಎಂಬುದು ಅವರ ತಿಳಿವಳಿಕೆ. ಗೆಸ್ಟಾಪೊ ಪೊಲೀಸರು 1937ರಲ್ಲಿ ಆ ಶಾಲೆಯನ್ನು ಮುಚ್ಚಿದರು. 1945ರ ಏಪ್ರಿಲ್ 9ರಂದು ಬಾನ್‌ಹೋಫರರನ್ನು ಗಲ್ಲಿಗೇರಿಸಿದರು.

ಇನ್ನು ಪುಣ್ಯದ ಮಾತು. ಬೆಟ್ಟದ ಪ್ರಸಂಗದಲ್ಲೇ, ಒಂದು ಅಧ್ಯಾಯ ಹಿಂದೆ, ಯೇಸು ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ ಎಂಬರ್ಥದ ಮಾತನ್ನೂ ಹೇಳಿದ್ದಾರೆ. ಆದ್ದರಿಂದ ಕಾಣುವಂತೆ ಮಾಡಿದ ಒಳ್ಳೆಯದೆಲ್ಲ ತೋರಿಕೆ ಎಂದು ತೀರ್ಪು ಕೊಡಲು ನಮಗೆ ಹಕ್ಕಿಲ್ಲ. ನಮ್ಮ ನಾಡಿನ ದಾನಶಾಸನಗಳನ್ನೇ ನೋಡಿ: ಕೊಟ್ಟವರು ಯಾರು, ಕೊಟ್ಟ ಭೂಮಿಯ ಎಲ್ಲೆ ಯಾವುದು, ಅಳಿದವರಿಗೆ ಏನು ಶಾಪ ಎಂದೆಲ್ಲ ಕಲ್ಲಿನಲ್ಲಿ ಕಂಡರಿಸಿದ್ದಾರೆ. ಕೊಟ್ಟದ್ದು ಉಳಿಯಬೇಕಾದರೆ ಸಾಕ್ಷಿ ಬೇಕಿತ್ತು. ನಾನು ಕೇಳುವುದು ಒಂದೇ: ಆ ಹೆಸರು ಕಾಯುತ್ತಿರುವುದು ದಾನವನ್ನೋ, ದಾನಿಯನ್ನೋ?

ಹೆಸರು ಬಿಟ್ಟ ಮಾತ್ರಕ್ಕೆ ಮುಗಿಯಿತೆಂದೂ ಅಲ್ಲ. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳಿಂದ ಕಲಿತು ಬಂದ ಜಾನ್ ಕೇಸಿಯನ್, ಐದನೆಯ ಶತಮಾನದಲ್ಲಿ ಬರೆಯುತ್ತ, ಹೊಗಳಿಕೆಯ ಹಸಿವನ್ನು ಹಿರಿಯರು ಈರುಳ್ಳಿಗೆ ಹೋಲಿಸುತ್ತಿದ್ದರೆಂದು ನೆನೆಯುತ್ತಾರೆ. ಒಂದು ಸಿಪ್ಪೆ ಸುಲಿದರೆ ಕೆಳಗೆ ಇನ್ನೊಂದು. ಹೆಸರಿಲ್ಲದೆ ಕೊಟ್ಟೆ ಎಂಬ ಹೆಮ್ಮೆ ಅದರ ಒಳಗಿನ ಸಿಪ್ಪೆ. ಎಡಗೈಗೂ ತಿಳಿಯಬಾರದು ಎಂದು ಯೇಸು ಹೇಳಿದ್ದು ಇದಕ್ಕೇ ಇರಬೇಕು. ನೆರೆಯವರಿಂದ ಮಾತ್ರವಲ್ಲ, ನನ್ನಿಂದಲೇ ಅದು ಮರೆಯಾಗಬೇಕು. ಕಡೆಯ ತೀರ್ಪಿನ ಚಿತ್ರದಲ್ಲಿ ಬಲಗಡೆ ನಿಂತವರು ಎಷ್ಟು ಬೆರಗಾಗುತ್ತಾರೆ! ಹಸಿದ ಕ್ರಿಸ್ತನಿಗೆ ತಾವು ಯಾವಾಗ ಉಣಿಸಿದೆವೆಂದು ಅವರಿಗೇ ಗೊತ್ತಿಲ್ಲ.

ಫ್ರೆಡರಿಕ್ ಓಜನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ತನ್ನ ಗೆಳೆಯರೊಡನೆ 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಇದೆ. ಅದರ ಕೂಟಗಳಲ್ಲಿ ಗುಪ್ತ ಕಾಣಿಕೆಯ ಪದ್ಧತಿ ಉಂಟು. ನಮ್ಮೂರಿನಲ್ಲಿ ಭಾನುವಾರದ ಪೂಜೆಯ ನಂತರ ಇಗರ್ಜಿಯ ಹಿಂದಿನ ಕೋಣೆಯಲ್ಲಿ ಕೂಟ ಸೇರುತ್ತಿತ್ತು. ಕಡೆಗೆ ಒಂದು ಚೀಲ ಕೈಯಿಂದ ಕೈಗೆ ಹೋಗುತ್ತಿತ್ತು. ಕಂದುಬಣ್ಣದ ಮಖಮಲ್ಲಿನ ಚೀಲ, ಮೊಳದಷ್ಟು ಆಳ, ಬಾಯಿಗೆ ಹಿತ್ತಾಳೆಯ ಬಳೆ. ಪ್ರತಿಯೊಬ್ಬರೂ ಮುಷ್ಟಿ ಬಿಗಿದು ಕೈ ಒಳಗೆ ಇಳಿಸಬೇಕು. ಕೊಡಲು ಏನೂ ಇಲ್ಲದವನೂ ಖಾಲಿ ಮುಷ್ಟಿಯನ್ನು ಇಳಿಸಿ ತೆಗೆಯಬೇಕು. ಯಾರು ಎಷ್ಟು ಹಾಕಿದರೆಂದು ಯಾರಿಗೂ ತಿಳಿಯಬಾರದು, ಹಾಕಲಾಗದವನು ತಲೆ ತಗ್ಗಿಸಬಾರದು. ಇಷ್ಟು ಮರ್ಯಾದೆಯುಳ್ಳ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ.

ನನಗಾಗ ಹದಿಮೂರು ವರ್ಷ. ಅಪ್ಪನ ಜೊತೆ ಹೋಗುತ್ತಿದ್ದ ನನಗೆ ಚೀಲವನ್ನು ಖಜಾಂಚಿಯವರ ಮೇಜಿಗೆ ಒಯ್ಯುವ ಕೆಲಸ ಕೊಟ್ಟಿದ್ದರು. ಹತ್ತು ಹೆಜ್ಜೆ. ನಡುವೆ ಒಂದು ಕಂಬ. ಒಂದು ಭಾನುವಾರ ಆ ಕಂಬದ ಮರೆಯಲ್ಲಿ ನನ್ನ ಕೈ ಚೀಲದೊಳಗೆ ಇಳಿಯಿತು, ಐದು ರೂಪಾಯಿಯ ಒಂದು ನೋಟು ಹಿಡಿದು ಮೇಲೆ ಬಂತು. ದಾನಿಯನ್ನು ಕಾಯುವ ಆಳವೇ ನನ್ನನ್ನೂ ಕಾಯಿತು. ಯಾಕೆ ತೆಗೆದೆ ಎಂದರೆ ನನ್ನಲ್ಲಿ ಉತ್ತರವಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಕದ್ದ ಹಣ್ಣುಗಳನ್ನು ಹಂದಿಗಳಿಗೆ ಎಸೆದದ್ದನ್ನು ಸಂತ ಅಗಸ್ಟೀನರು ಬರೆದಿದ್ದಾರಲ್ಲ, ಅದನ್ನು ಮುಂದೆ ಓದಿದಾಗ ಮೈ ಜುಮ್ಮೆಂದಿತು. ಖರ್ಚು ಮಾಡಲು ನನಗೂ ಆಗಲಿಲ್ಲ. ಐದು ರೂಪಾಯಿ ಹಿಡಿದು ಅಂಗಡಿಗೆ ಹೋದ ಹುಡುಗನನ್ನು ಅಂಗಡಿಯವನೇ ಕೇಳುತ್ತಿದ್ದ. ನೋಟನ್ನು ಉಗ್ರಾಣದಲ್ಲಿ ಮಿಡಿಮಾವಿನ ಭರಣಿಯ ಅಡಿಗೆ ಸೇರಿಸಿದೆ. ಏಳು ವಾರ ಅದು ಅಲ್ಲಿತ್ತು. ಮಧ್ಯಾಹ್ನ ಅಜ್ಜಿ ಒಳಗೆ ಹೋಗಿ ಚಿಲಕ ಸದ್ದಾದಾಗಲೆಲ್ಲ ನನ್ನ ಹೊಟ್ಟೆ ಮುರಿದುಕೊಳ್ಳುತ್ತಿತ್ತು. ಅವಳು ಜಪ ಮಾಡುತ್ತಿದ್ದದ್ದು ಆ ಭರಣಿಯ ಪಕ್ಕದಲ್ಲೇ.

ತಪಸ್ಸುಕಾಲದಲ್ಲಿ, ಒಂದು ಶನಿವಾರ ಸಂಜೆ, ಪಾಪನಿವೇದನೆಯ ಜಾಲರಿಗೆ ಬಾಯಿ ಹಚ್ಚಿ ಹೇಳಿದೆ. ಒಳಗಿದ್ದ ವಯಸ್ಸಾದ ಗುರುಗಳು ಬಯ್ಯಲಿಲ್ಲ. ಆ ಹಣ ಇನ್ನೂ ಇದೆಯೇ ಎಂದಷ್ಟೇ ಕೇಳಿದರು. ಇದೆ ಎಂದೆ. ಹಾಗಾದರೆ ಎಲ್ಲಿಂದ ತೆಗೆದೆಯೋ ಅಲ್ಲೇ ಹಾಕು, ಎಲ್ಲರೂ ಹಾಕುವ ಹಾಗೆ ಮುಷ್ಟಿಯಲ್ಲಿ ಹಾಕು, ಯಾರಿಗೂ ಹೇಳಬೇಡ ಎಂದರು.

ಮರುದಿನ ಚೀಲ ಸುತ್ತಿ ಬಂದಾಗ ಮೊದಲ ಸಲ ನಾನೂ ಮುಷ್ಟಿ ಇಳಿಸಿದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ನೋಡಬಾರದೆಂಬುದು ಅಲ್ಲಿನ ನಿಯಮ. ಚೀಲವನ್ನು ಮೇಜಿಗೆ ಒಯ್ದೆ. ಖಜಾಂಚಿಯವರು ಅದನ್ನು ಬೋರಲು ಮಾಡಿ, ಚಿಲ್ಲರೆಯನ್ನು ಬೇರೆ ಮಾಡಿ, ಮಡಿಚಿದ್ದ ಐದು ರೂಪಾಯಿಯ ನೋಟನ್ನು ಹೆಬ್ಬೆರಳಿನಿಂದ ತಿಕ್ಕಿ ನೇರ ಮಾಡಿದರು. ಈ ವಾರ ಯಾರೋ ಪುಣ್ಯಾತ್ಮರು ಮನಸ್ಸು ಮಾಡಿದ್ದಾರೆ ಎಂದರು. ಆಮೇಲೆ ಬೆರಳನ್ನು ಮೂಗಿನ ಹತ್ತಿರ ತಂದು ಒಂದು ಕ್ಷಣ ಸುಮ್ಮನಿದ್ದು, ಉಪ್ಪಿನಕಾಯಿಯ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿ, ಪೆನ್ನಿನ ಮುಚ್ಚಳ ತೆಗೆದು ಗುಪ್ತ ಕಾಣಿಕೆಯ ಮುಂದೆ ಆ ವಾರದ ಮೊತ್ತ ಬರೆದರು.